ಬಂಗಾರದ ಚಡ್ಡಿ ಇಲ್ಲದ ಚಾಂಪಿಯನ್ನರು: ಓಹಾಯೋ ಸ್ಟೇಟ್ 2024ರ ಸೀಸನ್‌ಗೆ ಏನಂತೀರಿ?

ಕೊಲಂಬಸ್ ಮಂಜಣ್ಣ
22 ಜನವರಿ 2025

ಎರಡು ದಿನದಿಂದ ಗಂಟಲು ಕಟ್ಟಿದೆ. ಮನೇಲಿ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಮಾತೆತ್ತಿದ್ರೆ ಎದ್ದು ಹೋಗ್ತಾರೆ. ಅದಕ್ಕೇ ಇಲ್ಲಿ ಬರೀತಿದೀನಿ.

ಸೋಮವಾರ ರಾತ್ರಿ ಅಟ್ಲಾಂಟಾದಲ್ಲಿ ನಮ್ಮ ಓಹಾಯೋ ಸ್ಟೇಟ್ ಹುಡುಗರು ನೋಟರ್ ಡೇಮ್ ತಂಡವನ್ನ 34-23ರಲ್ಲಿ ಬಡಿದು ರಾಷ್ಟ್ರೀಯ ಚಾಂಪಿಯನ್ ಆದ್ರು. 2014ರ ಸೀಸನ್ ಆದ್ಮೇಲೆ ಇದೇ ಮೊದಲು. ಒಟ್ಟು 14 ಗೆಲುವು, 2 ಸೋಲು. ಆ ಎರಡೂ ಸೋಲು ಕೂಡಿಸಿದ್ರೆ ಅಂತರ ಬರೀ 4 ಪಾಯಿಂಟ್. ಆರೆಗಾನ್ ಹತ್ರ 32-31, ಮಿಷಿಗನ್ ಹತ್ರ 13-10.

ನಮ್ಮ ಬದ್ಧವೈರಿ ಮಿಷಿಗನ್ ಹತ್ರ ಸೋತ ಆ ಎರಡನೇದೇ ಗಂಟಲಲ್ಲಿ ಸಿಕ್ಕಿರೋ ಮುಳ್ಳು. ನವೆಂಬರ್ 30, ಮಧ್ಯಾಹ್ನ 12ಕ್ಕೆ ಆಟ. ಒಂದು ವರ್ಷ ನಮ್ಮ ಮನೆ, ಒಂದು ವರ್ಷ ಮಿಷಿಗನ್ ತಂಡದ ಊರು ಆನ್ ಆರ್ಬರ್‌ನಲ್ಲಿ ಸುಮಕ್ಕನ ಮನೆ, ಹೀಗೆ ಸೇರೋದು ನಮ್ಮ ವಾಡಿಕೆ. ಈ ಸಲ ನಮ್ಮ ಸರದಿ. ದೊಡ್ಡ ಕುಕ್ಕರ್ ತುಂಬ ಬಿಸಿಬೇಳೆಬಾತ್ ಮಾಡಿಟ್ಟಿದ್ವಿ. ಮಿಷಿಗನ್ 6 ಗೆಲುವು, 5 ಸೋಲು ಅಂತ ತೆವಳಿಕೊಂಡು ಬಂದಿದ್ದ ತಂಡ. ಬಾಜಿ ಕಟ್ಟೋರು ನಮ್ಮನ್ನ ಹತ್ತಿರ ಹತ್ತಿರ 20 ಪಾಯಿಂಟ್ ಮೇಲೆ ಇಟ್ಟಿದ್ರು. ಕೊನೇ 45 ಸೆಕೆಂಡ್ ಇದ್ದಾಗ ಅವರ ಕಿಕ್ಕರ್ ಡಾಮಿನಿಕ್ ಝ್ವಾಡಾ 21 ಯಾರ್ಡ್‌ನಿಂದ ಫೀಲ್ಡ್ ಗೋಲ್ ಹಾಕಿದ, ಅಂದ್ರೆ ಕಂಬದ ನಡುವೆ ಒದ್ದು 3 ಪಾಯಿಂಟ್. ಆಮೇಲೆ ನಮ್ಮ ಮನೇಲಿ ಒಬ್ಬರೂ ತಟ್ಟೆ ಮುಟ್ಟಲಿಲ್ಲ. ಸುಮಕ್ಕ ಕುಕ್ಕರ್ ಸಮೇತ ಎತ್ತಿಕೊಂಡು ಮೂರು ಗಂಟೆ ಡ್ರೈವ್ ಮಾಡ್ಕೊಂಡು ಆನ್ ಆರ್ಬರ್‌ಗೆ ಹೊರಟುಹೋದ್ರು. ದಾರೀಲಿ ತಿಂದ್ರಂತೆ, ಫೋಟೋ ಬೇರೆ ಕಳಿಸಿದ್ರು.

ಅವತ್ತು ರಾತ್ರಿ ನಾನೂ ಎಲ್ಲರ ಜೊತೆ ಕೋಚ್ ರಯಾನ್ ಡೇ ಮನೆಗೆ ಹೋಗಲಿ ಅಂತ ಕೂಗಿದವನೇ. ಸುಳ್ಳು ಯಾಕೆ ಹೇಳಲಿ. ಈಗ ಅದೇ ಮನುಷ್ಯ ಟ್ರೋಫಿ ಹಿಡಿದು ನಿಂತಿದಾನೆ.

ನನ್ನ ಪ್ರಶ್ನೆ ಇಷ್ಟೇ. ಮಿಷಿಗನ್‌ಗೆ ಸೋತ ವರ್ಷವನ್ನ ಒಳ್ಳೇ ವರ್ಷ ಅನ್ನಬಹುದಾ?


ಹೊಸಬ
22 ಜನವರಿ

ಸಾರ್, ಕ್ಷಮಿಸಿ. ಸಿನ್ಸಿನಾಟಿಗೆ ಬಂದು ನಾಲ್ಕು ತಿಂಗಳಾಯ್ತು. ಆಫೀಸಲ್ಲಿ ಎಲ್ಲರೂ ಇದೇ ಮಾತು. ಕಪ್ ಗೆದ್ದಮೇಲೂ ಅಳೋದು ಯಾಕೆ? ಮತ್ತೆ ಶೀರ್ಷಿಕೇಲಿರೋ ಬಂಗಾರದ ಚಡ್ಡಿ ಏನು?


ಕೊಲಂಬಸ್ ಮಂಜಣ್ಣ
22 ಜನವರಿ

ಕೂತ್ಕೋ ತಮ್ಮಾ, ಹೇಳ್ತೀನಿ.

1934ರಲ್ಲಿ ಫ್ರಾನ್ಸಿಸ್ ಶ್ಮಿಟ್ ಅಂತ ಹೊಸ ಕೋಚ್ ಬಂದ್ರು. ಆ ಕಾಲದಲ್ಲಿ ಮಿಷಿಗನ್ ಅಂದ್ರೆ ಇಲ್ಲಿನವರಿಗೆ ನಡುಕ. ಅವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟ್ ಹಾಕ್ಕೊಳ್ಳೋ ಜನ ತಾನೇ ಅನ್ನೋ ಅರ್ಥದ ಮಾತು ಹೇಳಿದ್ರು. ಆ ವರ್ಷ ಗೆದ್ರು. ಅವತ್ತಿಂದ ಮಿಷಿಗನ್ ಸೋಲಿಸಿದ ವರ್ಷ ಪ್ರತಿ ಆಟಗಾರನಿಗೂ ಒಂದು ಪುಟ್ಟ ಬಂಗಾರದ ಪ್ಯಾಂಟ್ ಪದಕ ಕೊಡ್ತಾರೆ. ನಮ್ಮಲ್ಲಿ ಮಗುವಿನ ಉಡಿದಾರಕ್ಕೆ ಕಟ್ಟೋ ಪದಕದಷ್ಟೇ ಇರುತ್ತೆ. 1934ರಿಂದ 37ರವರೆಗೆ ನಾಲ್ಕು ವರ್ಷ ಸತತ ಗೆದ್ರು, ನಾಲ್ಕರಲ್ಲೂ ಮಿಷಿಗನ್‌ಗೆ ಒಂದು ಪಾಯಿಂಟ್ ಸಹ ಬಿಟ್ಟುಕೊಡಲಿಲ್ಲ.

ಈಗ ವಿಷಯಕ್ಕೆ ಬಾ. ಜ್ಯಾಕ್ ಸಾಯರ್, ಎಮೆಕಾ ಎಗ್ಬೂಕಾ, ಟ್ರೆವಿಯನ್ ಹೆಂಡರ್ಸನ್, ಜೆ.ಟಿ. ಟುಯಿಮೊಲೊವಾವ್, ಡಾನವನ್ ಜ್ಯಾಕ್ಸನ್ ಇವರೆಲ್ಲ 2021ರಲ್ಲಿ ಸೇರಿದ ಹುಡುಗರು. ಹೋದ ವರ್ಷವೇ ವೃತ್ತಿಪರ ಲೀಗ್‌ಗೆ ಹೋಗಿ ದುಡ್ಡು ಎಣಿಸಬಹುದಿತ್ತು. ಹೋಗಲಿಲ್ಲ. ಯಾಕೆ ಉಳ್ಕೊಂಡ್ರು ಅಂದ್ರೆ ಮಿಷಿಗನ್‌ನ ಒಂದು ಸಲ ಸೋಲಿಸಬೇಕು, ಕಪ್ ಗೆಲ್ಲಬೇಕು ಅಂತ. 2021ರಲ್ಲಿ 42-27 ಸೋಲು, 2022ರಲ್ಲಿ 45-23, 2023ರಲ್ಲಿ 30-24, ಈಗ 13-10. ನಾಲ್ಕಕ್ಕೆ ನಾಲ್ಕೂ ಹೋಯ್ತು. ಬೆರಳಿಗೆ ಚಾಂಪಿಯನ್ ಉಂಗುರ ಬರುತ್ತೆ, ಆದ್ರೆ ಆ ಪುಟ್ಟ ಚಡ್ಡಿ ಒಂದೂ ಇಲ್ಲದೆ ಕಾಲೇಜು ಮುಗಿಸ್ತಾರೆ.


ಆನ್ ಆರ್ಬರ್ ಸುಮಕ್ಕ
22 ಜನವರಿ

ಮಂಜಣ್ಣ, 2019ರಲ್ಲಿ ನೀವು 56-27 ಗೆದ್ದಿದ್ದೇ ಕೊನೆ. 2020ರ ಪಂದ್ಯ ಕೋವಿಡ್‌ನಿಂದ ರದ್ದು. ಅಂದ್ರೆ ನಿಮ್ಮ ಊರಲ್ಲಿ ಐದು ವರ್ಷದ ಮಗುಗೆ ಮಿಷಿಗನ್ ಸೋತಿದ್ದು ಕಥೆ, ಕಣ್ಣಾರೆ ಕಂಡಿದ್ದಲ್ಲ.

ಇನ್ನೊಂದು. ಎಲ್ಲರೂ ಓಹಾಯೋ ಸ್ಟೇಟ್ ಸೋತಿತು ಅಂತಾರೆ, ಮಿಷಿಗನ್ ಗೆದ್ದಿತು ಅಂತ ಒಬ್ಬರೂ ಹೇಳಲ್ಲ. ನಮ್ಮ ಕಡೆ ದೊಡ್ಡ ಆಟಗಾರರಾದ ವಿಲ್ ಜಾನ್ಸನ್ ಇಲ್ಲ, ಕೋಲ್ಸ್‌ಟನ್ ಲವ್‌ಲ್ಯಾಂಡ್ ಇಲ್ಲ. ಚೆಂಡು ಎಸೆದು ನಾವು 100 ಯಾರ್ಡ್ ಕೂಡ ದಾಟಲಿಲ್ಲ. ಆದ್ರೂ ಕೇಲೆಲ್ ಮುಲಿಂಗ್ಸ್ ಎದೆ ಕೊಟ್ಟು ನುಗ್ಗಿ 116 ಯಾರ್ಡ್ ಓಡಿದ. ಮಧ್ಯದಲ್ಲಿ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಇಬ್ಬರು ದೊಡ್ಡ ಬಂಡೆಗಳು. ನಿಮ್ಮ ಕೋಚ್ ಹೋಗಿ ಹೋಗಿ ಅದೇ ಬಂಡೆಗೆ ತಲೆ ಚಚ್ಚಿಕೊಂಡ್ರೆ ನಾವೇನು ಮಾಡೋಣ?

ಬಿಸಿಬೇಳೆಬಾತ್ ಚೆನ್ನಾಗಿತ್ತು. ತುಪ್ಪ ಸ್ವಲ್ಪ ಕಡಿಮೆ.


ಅಂಕಿಅಂಶ ಆಚಾರಿ
22 ಜನವರಿ

ಸುಮಾ ಅವರು ತಮಾಷೆಯಾಗಿ ಹೇಳಿದರೂ ಮೂಲ ಕಾರಣ ಅದೇ. ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಬೇಸರವಾದವರು ದಾಟಿ ಹೋಗಿ.

ಚೆಂಡು ಹೊತ್ತವನ ಮುಂದೆ ಗೋಡೆಯಂತೆ ನಿಲ್ಲುವ ಐವರಿದ್ದಾರಲ್ಲ, ಅವರೇ ಈ ಆಟದ ಬುನಾದಿ. ಎಡ ಅಂಚಿನ ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲಿ ಆರೆಗಾನ್ ಪಂದ್ಯದಲ್ಲೇ ಮೊಣಕಾಲು ಕಳೆದುಕೊಂಡ. ಅವನ ಜಾಗಕ್ಕೆ ಬಂದವನಿಗೂ ನೆಬ್ರಾಸ್ಕಾ ಪಂದ್ಯದಲ್ಲಿ ಗಾಯ. ಕೊನೆಗೆ ಒಳಗಡೆ ಆಡುತ್ತಿದ್ದ ಡಾನವನ್ ಜ್ಯಾಕ್ಸನ್‌ನನ್ನು ಅಂಚಿಗೆ ತಂದರು. ನವೆಂಬರ್‌ನಲ್ಲಿ ನಟ್ಟನಡುವಿನ ಸೇತ್ ಮೆಕ್‌ಲಾಫ್ಲಿನ್‌ಗೆ ಹಿಮ್ಮಡಿಯ ಸ್ನಾಯು ಹರಿಯಿತು. ಐದು ಕಂಬದಲ್ಲಿ ಎರಡು ಮುರಿದು, ಉಳಿದವನ್ನು ಜಾಗ ಬದಲಿಸಿ ನೆಟ್ಟ ಚಪ್ಪರ ಅದು.

ಅಂಥ ಚಪ್ಪರ ಇಟ್ಟುಕೊಂಡು ಮಿಷಿಗನ್‌ನ ಅತಿ ಬಲಿಷ್ಠ ಜಾಗಕ್ಕೇ ಓಡಿಸಿದರು. ಇಡೀ ಪಂದ್ಯದಲ್ಲಿ ಓಟದಿಂದ ಬಂದದ್ದು 77 ಯಾರ್ಡ್. ಹೊರಗಡೆ ಜೆರೆಮಾಯಾ ಸ್ಮಿತ್, ಎಗ್ಬೂಕಾ, ಕಾರ್ನೆಲ್ ಟೇಟ್ ಅಂಥ, ಎಸೆತ ಹಿಡಿಯುವ ಮೂವರು ಕೈ ಬೀಸುತ್ತ ನಿಂತಿದ್ದರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವಿಲ್ ಹಾವರ್ಡ್ ಎರಡು ಎಸೆತ ಎದುರಾಳಿಯ ಕೈಗೇ ಕೊಟ್ಟ, ಕಿಕ್ಕರ್ ಜೇಡನ್ ಫೀಲ್ಡಿಂಗ್ ಎರಡು ಫೀಲ್ಡ್ ಗೋಲ್ ತಪ್ಪಿಸಿದ. ಅವೆಲ್ಲ ನಿಜ. ಆದರೆ ಆಟದ ಯೋಜನೆಯೇ ಹಟದ್ದು. ಮಿಷಿಗನ್ ಎದುರು ನಮ್ಮ ಹುಡುಗರು ಮೆತ್ತಗೆ ಅಂತ ಮೂರು ವರ್ಷ ಅನ್ನಿಸಿಕೊಂಡಿದ್ದರಲ್ಲ, ಅಲ್ಲ ಅಂತ ತೋರಿಸಲು ಹೊರಟರು.


ಹುಬ್ಬಳ್ಳಿ ಹುಲಿ
23 ಜನವರಿ

ಆಚಾರಿ ಅವರ, ಹೊಸಬರಿಗೆ ಆಟಾನ ಗೊತ್ತಿಲ್ಲ, ನೀವು ಕಂಬ ಚಪ್ಪರ ಅಂತ ಹೊಂಟೀರಿ.

ತಮ್ಮಾ, ಸರಳ ಐತಿ ನೋಡು. ನಾಕು ಸರತಿ ಸಿಗತಾವ. ನಾಕರಾಗ 10 ಯಾರ್ಡ್ ಮುಂದ ಹೋಗಬೇಕು. ಹೋದ್ರ ಮತ್ತ ನಾಕು. ಹೋಗಲಿಲ್ಲ ಅಂದ್ರ ಚೆಂಡು ಅವರಿಗೆ. ಕೊನೀ ಗೆರಿ ದಾಟಿದ್ರ ಟಚ್‌ಡೌನ್, 6 ಪಾಯಿಂಟ್, ಆಮ್ಯಾಲ ಒದ್ದು 1. ದಾಟಾಕ ಆಗಲ್ಲ ಅನ್ನಿಸಿದ್ರ ಕಂಬದ ನಡುವ ಒದಿ, 3. ಇಷ್ಟ. ಉಳಿದದ್ದು ಕಬಡ್ಡಿ ಇದ್ದಂಗ, ಹೆಲ್ಮೆಟ್ ಹಾಕ್ಕೊಂಡಿರ್ತಾರ ಅಷ್ಟ.

ನಾ ಇಲ್ಲೇ ಎಂ.ಎಸ್. ಓದಾಕತ್ತೀನಿ. ಮಿಷಿಗನ್ ವಾರ ಕ್ಯಾಂಪಸ್‌ನ್ಯಾಗ ಬೋರ್ಡ್ ಮ್ಯಾಲಿನ ‘ಎಂ’ ಅಕ್ಷರಕ್ಕೆಲ್ಲ ಕೆಂಪು ಟೇಪ್ ಹಚ್ಚಿ ಕಾಟು ಹೊಡೀತಾರ. ಮೊದಲ್ನೇ ವರ್ಷ ಬಂದಾಗ ನಮ್ಮ ಬಿಲ್ಡಿಂಗ್ ಹೆಸರ ಓದಾಕ ಆಗಲಿಲ್ಲ, ಕ್ಲಾಸಿಗೆ ತಡ ಆತು.


ರಾತ್ರಿಪಾಳಿ
23 ಜನವರಿ

ಬೆಂಗಳೂರಿಂದ ನಮಸ್ಕಾರ. ನಮ್ಮ ಕ್ಲೈಂಟ್ ಕೊಲಂಬಸ್‌ನವರು. ಅವರ ಮೂಡ್ ತಿಳ್ಕೊಳ್ಳೋಕೆ ಅಂತ ಆರು ವರ್ಷದ ಹಿಂದೆ ಸ್ಕೋರ್ ನೋಡೋಕೆ ಶುರು ಮಾಡಿದೆ, ಈಗ ನನ್ನ ಮೂಡೇ ಅದರ ಮೇಲೆ ನಿಂತಿದೆ.

ಆರೆಗಾನ್ ಪಂದ್ಯ ನಮಗೆ ಅಕ್ಟೋಬರ್ 13ರ ಬೆಳಗಿನ ಜಾವ 5ಕ್ಕೆ. ಹಿಂದಿನ ದಿನ ವಿಜಯದಶಮಿ. ಜಂಬೂ ಸವಾರಿ ನೋಡಿ ಮೈಸೂರಿಂದ ವಾಪಸ್ ಬಂದು ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತೆ. ಪೆನ್ ಸ್ಟೇಟ್ ಪಂದ್ಯ ಬಲಿಪಾಡ್ಯಮಿ ರಾತ್ರಿ ಒಂಬತ್ತೂವರೆಗೆ, ಹೊರಗೆ ಪಟಾಕಿ ಸದ್ದು. ಗೆರೆಗೆ 3 ಯಾರ್ಡ್ ದೂರದಲ್ಲಿ ಪೆನ್ ಸ್ಟೇಟ್‌ಗೆ ನಾಲ್ಕು ಅವಕಾಶ, ಒಂದೂ ಬಿಡಲಿಲ್ಲ ನಮ್ಮೋರು. ಆಮೇಲೆ ಐದು ನಿಮಿಷ ಚೆಂಡನ್ನೇ ಕೊಡದೆ ಓಡಿ ಓಡಿ ಗಡಿಯಾರ ಮುಗಿಸಿದ್ರು. 20-13. ಮನೇಲಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಸುರುಸುರುಬತ್ತಿ ಕೈ ಸುಟ್ಟಿರಬೇಕು ಅಂತ ಬರ್ನಾಲ್ ತಂದ್ರು.

ಮಂಜಣ್ಣನ ಪ್ರಶ್ನೆಗೆ ನನ್ನ ಉತ್ತರ: ನಾವು ಆರ್‌ಸಿಬಿಯವರು. 2024ರ ಮೇ 18 ನೆನಪಿದೆಯಾ? ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈನ 27 ರನ್‌ನಿಂದ ಹೊರಗೆ ಕಳಿಸಿದ್ವಿ. ಯಶ್ ದಯಾಳ್ ಕೊನೇ ಓವರ್. ಅವತ್ತು ರಸ್ತೇಲಿ ಕಪ್ ಗೆದ್ದ ಹಾಗೆ ಕುಣಿದ್ವಿ. ನಾಲ್ಕು ದಿನಕ್ಕೆ ರಾಜಸ್ಥಾನ್ ಮನೆಗೆ ಕಳಿಸ್ತು. ನಿಮ್ಮದು ಉಲ್ಟಾ. ಚೆನ್ನೈ ಹತ್ರ ಸೋತು ಕಪ್ ಗೆದ್ದಿದ್ದೀರ. ಹದಿನೇಳು ವರ್ಷದಿಂದ ಕಾಯ್ತಿರೋನನ್ನ ಕೇಳಿ, ಯಾವುದು ಬೇಕು ಅಂತ. ಕಣ್ಣು ಮುಚ್ಕೊಂಡು ನಿಮ್ಮದೇ ತಗೋತೀನಿ.


ಆನ್ ಆರ್ಬರ್ ಸುಮಕ್ಕ
23 ಜನವರಿ

ರಾತ್ರಿಪಾಳಿಯವರೇ, ಸುಳ್ಳು. ಮೇ 18ನ್ನ ನೀವು ಇವತ್ತಿಗೂ ದಿನಾಂಕ ಸಮೇತ ಹೇಳ್ತಿದ್ದೀರ.


ರಾತ್ರಿಪಾಳಿ
23 ಜನವರಿ

ಅಕ್ಕಾ, ಅದಕ್ಕೆ ಉತ್ತರ ಇಲ್ಲ ನನ್ನ ಹತ್ರ.


ಪೋರ್ಟ್‌ಲ್ಯಾಂಡ್ ಪುತ್ತೂರು
24 ಜನವರಿ

ನನಗೂ ಸ್ವಲ್ಪ ಹೇಳ್ಲಿಕ್ಕೆ ಉಂಟು ಮಾರಾಯ್ರೆ. ನಾನು ಆರೆಗಾನ್ ಪಾರ್ಟಿ. ಅಕ್ಟೋಬರ್ 12ಕ್ಕೆ ಯೂಜೀನ್‌ನ ಆಟ್ಜನ್ ಸ್ಟೇಡಿಯಂನಲ್ಲಿ ನಾನೇ ಇದ್ದೆ. ಹಾವರ್ಡ್ ಓಡಿ ಜಾರಿ ಕೂತು ಎದ್ದು ನೋಡುವಾಗ ಗಡಿಯಾರ ಸೊನ್ನೆ. ಅಂಥ ನಗು ನಾನು ಜೀವನದಲ್ಲಿ ನಕ್ಕಿಲ್ಲ.

ಅದಕ್ಕಿಂತ ಮುಂಚೆ ನಮ್ಮ ಕೋಚ್ ಡ್ಯಾನ್ ಲ್ಯಾನಿಂಗ್ ಮಾಡಿದ ಕಿತಾಪತಿ ಉಂಟಲ್ಲ, ಅದು ಬೇರೆಯೇ. ಕೊನೆಯ ಸೆಕೆಂಡುಗಳಲ್ಲಿ 11ರ ಬದಲು 12 ಜನ ಒಳಗೆ. ದಂಡ 5 ಯಾರ್ಡ್, ಆದ್ರೆ 4 ಸೆಕೆಂಡ್ ಹೋಯ್ತು. ಓಹಾಯೋಗೆ ಬೇಕಾದ್ದು ಸೆಕೆಂಡ್, ಯಾರ್ಡ್ ಅಲ್ಲ. ಕೆಲವೇ ದಿನದಲ್ಲಿ ನಿಯಮವನ್ನೇ ತಿದ್ದಿದರು.

ಆದ್ರೆ ಕೇಳಿ. ನಾವು 13-0. ನಮ್ಮ ಲೀಗ್ ಬಿಗ್ ಟೆನ್‌ನ ಚಾಂಪಿಯನ್. ನಂಬರ್ 1. ಅದಕ್ಕೆ ಸಿಕ್ಕಿದ ಬಹುಮಾನ ಎಂತ? ಮೊದಲ ಸುತ್ತಿನ ರಜೆ ಮುಗಿಸಿ ಬಂದ ಕೂಡ್ಲೇ ಪುನಃ ಇದೇ ಓಹಾಯೋ. 12 ತಂಡದ ಪ್ಲೇಆಫ್ ಇದೇ ಮೊದಲ ವರ್ಷ. ಲೀಗ್ ಚಾಂಪಿಯನ್‌ಗಳಿಗೇ ಮೇಲಿನ ನಾಲ್ಕು ಜಾಗ ಅಂತ ಮಾಡಿದ್ರಿಂದ ಬೋಯ್ಸಿ ಸ್ಟೇಟ್ 3, ಅರಿಝೋನಾ ಸ್ಟೇಟ್ 4. ತಂಡಗಳನ್ನು ಆರಿಸುವ ಸಮಿತಿಯ ಪಟ್ಟಿಯಲ್ಲಿ 6ನೇ ಜಾಗದ ಓಹಾಯೋ 8ನೇ ಸೀಡ್ ಆಗಿ ನಮ್ಮ ತಲೆ ಮೇಲೆ ಬಿತ್ತು. ರಜೆ ಸಿಕ್ಕಿದ ನಾಲ್ಕೂ ತಂಡ ಮೊದಲ ಪಂದ್ಯದಲ್ಲೇ ಮನೆಗೆ. ಇದೆಂಥ ಲೆಕ್ಕ?

ರೋಸ್ ಬೌಲ್‌ನಲ್ಲಿ ಆದ ಆ ಪಂದ್ಯದಲ್ಲಿ ಎರಡನೇ ಕ್ವಾರ್ಟರ್ ಮುಗಿಯುವ ಮೊದಲೇ ಓಹಾಯೋ 34-0 ಮುಂದೆ. ನಾನು ಟಿವಿ ಆಫ್ ಮಾಡಿ ಗೋಳಿಬಜೆ ಹಿಟ್ಟು ಕಲಸ್ಲಿಕ್ಕೆ ಹೋದೆ. ಹೊಸ ವರ್ಷದ ಮೊದಲ ದಿನ!


ಕೊಲಂಬಸ್ ಮಂಜಣ್ಣ
24 ಜನವರಿ

ಪುತ್ತೂರಿನವರೇ, ನಿಮ್ಮ ದೂರು ನ್ಯಾಯವಾದದ್ದೇ. ಆದ್ರೆ 41-21ಕ್ಕೆ ಸೀಡಿಂಗ್ ಕಾರಣ ಅಲ್ಲ. ಆ ಸ್ಮಿತ್ ಹುಡುಗ ಇನ್ನೂ ಮೊದಲ ವರ್ಷದವನು, 7 ಕ್ಯಾಚ್, 187 ಯಾರ್ಡ್, 2 ಟಚ್‌ಡೌನ್. ಅವನನ್ನ ಒಬ್ಬನೇ ಕಾಯ್ತೀನಿ ಅಂತ ನಿಮ್ಮೋರು ಯಾಕೆ ಹೊರಟ್ರೋ.

ಹಳೇ ಪದ್ಧತಿ ಇದ್ದಿದ್ರೆ, ನಾಲ್ಕೇ ತಂಡ, ನಾವು ಡಿಸೆಂಬರ್‌ನಲ್ಲೇ ಮನೇಲಿರ್ತಿದ್ವಿ. ಇದನ್ನೂ ಒಪ್ಕೋತೀನಿ. ಆದ್ರೆ ಅದೇ ಪಟ್ಟೀಲಿ ನೋಡಿ: ಪ್ಲೇಆಫ್‌ನಲ್ಲಿ 7ನೇ ಟೆನೆಸಿ, 1ನೇ ಆರೆಗಾನ್, 3ನೇ ಟೆಕ್ಸಸ್, 5ನೇ ನೋಟರ್ ಡೇಮ್. ಅದಕ್ಕೂ ಮುಂಚೆ 4ನೇ ಪೆನ್ ಸ್ಟೇಟ್ ಅವರ ಮನೇಲೇ, 8ನೇ ಇಂಡಿಯಾನಾ 38-15. ಜಾರ್ಜಿಯಾ ಒಂದು ಬಿಟ್ಟು ಮೇಲಿರೋ ಎಲ್ಲರನ್ನೂ ಹೊಡೆದಿದ್ದೀವಿ. 7-5ರ ಮಿಷಿಗನ್ ಹತ್ರ ಮಾತ್ರ ಕೈ ಕಟ್ಟಿಹೋಗುತ್ತೆ.


ಹುಬ್ಬಳ್ಳಿ ಹುಲಿ
24 ಜನವರಿ

ಟೆನೆಸಿ ಮ್ಯಾಚಿಗೆ ನಾ ಹೋಗಿದ್ನ್ಯಾ. ಡಿಸೆಂಬರ್ 21, ರಾತ್ರಿ 8ಕ್ಕ. ಸೊನ್ನಿಗಿಂತ ಕೆಳಗ ಚಳಿ. ನಮ್ಮ ಅವ್ವ ಕಳಿಸಿದ್ದ ಕೌದಿ ಹೊತ್ಕೊಂಡು ಕುಂತಿದ್ದೆ, ಬಾಜೂ ಕುಂತ ಅಜ್ಜ ಅದನ್ನ ಮುಟ್ಟಿ ಮುಟ್ಟಿ ನೋಡಿ ಎಲ್ಲಿ ಸಿಗತೈತಿ ಅಂತ ಕೇಳಿದ.

ಅವತ್ತಿನ ಹವಾನ ಬ್ಯಾರೆ ಇತ್ತು. 1922ರಾಗ ಕಟ್ಟಿದ ಸ್ಟೇಡಿಯಂ, ಲಕ್ಷದ ಮ್ಯಾಲ ಮಂದಿ ಹಿಡೀತೈತಿ. ಟೆನೆಸಿ ಮಂದಿ ಕಿತ್ತಳಿ ಅಂಗಿ ಹಾಕ್ಕೊಂಡು ಎಲ್ಲಾ ಕಡೆ. ನಮ್ಮವರು ಮಿಷಿಗನ್ ಸಿಟ್ಟಿನ್ಯಾಗ ಟಿಕೆಟ್ ಮಾರಿ ಬಿಟ್ಟಿದ್ರು, ಖರೆ ಹೇಳಬೇಕಂದ್ರ. ಶುರು ಆಗೂದಕ್ಕಿಂತ ಮೊದಲ ನನ್ನ ಬಾಜೂ ಅಜ್ಜ ಅಂದ, ಇವತ್ತ ಸೋತ್ರ ಕೋಚ್ ನಾಳಿ ಇರಂಗಿಲ್ಲ ಅಂತ.

ಮೊದಲ್ನೇ ಕ್ವಾರ್ಟರ್ ಮುಗಿಯೂದ್ರಾಗ 21-0. ಮಿಷಿಗನ್ ಕೂಡ ಮಾಡಿದ ಹಟ ಬಿಟ್ಟು ಸೀದಾ ಸ್ಮಿತ್‌ಗೆ ಎಸೆದ್ರು ನೋಡ್ರಿ. ಹಾವರ್ಡ್ 311 ಯಾರ್ಡ್. ಕಡೀಕ 42-17. ಆ ಅಜ್ಜ ನನ್ನ ಕೌದಿ ತಗೊಂಡು ಝಂಡಾದಂಗ ಬೀಸಿದ. ಅವ್ವಗ ಫೋಟೋ ಕಳಿಸಿದ್ರ, ಕೌದಿ ಹೊಲಸು ಮಾಡ್ಯಾನ ಅಂತ ಬೈದ್ಲು.


ಅಂಕಿಅಂಶ ಆಚಾರಿ
25 ಜನವರಿ

ಹುಲಿ ಹೇಳಿದ ‘ಹಟ ಬಿಟ್ಟರು’ ಅನ್ನುವ ಮಾತೇ ಸರಿಯಾದದ್ದು. ಆಕ್ರಮಣದ ಹೊಣೆ ಚಿಪ್ ಕೆಲ್ಲಿಯದು. ಯು.ಸಿ.ಎಲ್.ಎ.ಯ ಮುಖ್ಯ ಕೋಚ್ ಕುರ್ಚಿ ಬಿಟ್ಟು ಇಲ್ಲಿ ಕೆಳಗಿನ ಹುದ್ದೆಗೆ ಬಂದವರು. ಮಿಷಿಗನ್ ನಂತರದ ಮೂರು ವಾರದಲ್ಲಿ ಅವರು ಮಾಡಿದ್ದು ಹೊಸ ವಿದ್ಯೆಯೇನಲ್ಲ, ಮೊದಲು ಎಸೆತ, ಆಮೇಲೆ ಓಟ. ರಕ್ಷಣಾ ಪಡೆ ಸ್ಮಿತ್‌ಗೆ ಹೆದರಿ ಹಿಂದೆ ಸರಿದರೆ ಮಧ್ಯದಲ್ಲಿ ಜಾಗ ತಾನಾಗಿ ತೆರೆಯುತ್ತದೆ, ಆಗ ಹೆಂಡರ್ಸನ್ ಮತ್ತು ಜಡ್ಕಿನ್ಸ್ ಓಡುತ್ತಾರೆ.

ಅದು ಸೆಮಿಫೈನಲ್‌ನಲ್ಲಿ ಟೆಕ್ಸಸ್‌ಗೆ ಅರ್ಥವಾಯಿತು. ಸ್ಮಿತ್ ಮೇಲೆ ಇಬ್ಬಿಬ್ಬರನ್ನು ಹಾಕಿದರು, ಅವತ್ತು ಅವನಿಗೆ ಸಿಕ್ಕಿದ್ದು ಒಂದೇ ಕ್ಯಾಚ್, 3 ಯಾರ್ಡ್. ಹಾಗಾದರೆ ಗೆದ್ದದ್ದು ಹೇಗೆ? ಮೊದಲಾರ್ಧ ಮುಗಿಯಲು ಅರ್ಧ ನಿಮಿಷ ಇರುವಾಗ ಹೆಂಡರ್ಸನ್‌ಗೆ ಚಿಕ್ಕದೊಂದು ಎಸೆತ, ಅವನು 75 ಯಾರ್ಡ್ ಓಡಿಬಿಟ್ಟ. ಮಿಕ್ಕದ್ದು ರಕ್ಷಣೆಯ ಕೆಲಸ.


ಕೊಲಂಬಸ್ ಮಂಜಣ್ಣ
25 ಜನವರಿ

ಮಿಕ್ಕದ್ದು ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರಲ್ಲ ಆಚಾರ್ರೇ! ಅದನ್ನ ನಾನು ಹೇಳ್ಬೇಕು.

ಜನವರಿ 10, ಟೆಕ್ಸಸ್‌ನವರ ಸ್ವಂತ ರಾಜ್ಯದಲ್ಲೇ, ಆರ್ಲಿಂಗ್ಟನ್‌ನಲ್ಲಿ ಪಂದ್ಯ. 21-14, ನಾವು ಮುಂದೆ. ಟೆಕ್ಸಸ್ ಕೈಲಿ ಚೆಂಡು, ಗೆರೆಗೆ 1 ಯಾರ್ಡ್. ಒಂದೇ ಒಂದು. ಮಗು ಅಂಬೆಗಾಲಿಟ್ರೂ ದಾಟುತ್ತೆ. ಮೊದಲ ಸಲ ತಡೆದ್ರು. ಎರಡನೇ ಸಲ ಅವರು ಬುದ್ಧಿ ಉಪಯೋಗಿಸ್ತೀವಿ ಅಂತ ಪಕ್ಕಕ್ಕೆ ಎಸೆದ್ರು, ಹಿಂದಕ್ಕೆ 7 ಯಾರ್ಡ್ ತಳ್ಳಿಸ್ಕೊಂಡ್ರು. ಮೂರನೇದು ನೆಲಕ್ಕೆ. ನಾಲ್ಕನೇದು...

ಟೆಕ್ಸಸ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯುವರ್ಸ್ ಮೊದಲು ಇಲ್ಲೇ ಕೊಲಂಬಸ್‌ನಲ್ಲಿದ್ದವನು. ಆಗ ಅವನ ರೂಮ್‌ಮೇಟ್ ಯಾರು ಗೊತ್ತಾ? ಜ್ಯಾಕ್ ಸಾಯರ್. ಆ ಸಾಯರ್ ಅಂಚಿನಿಂದ ನುಗ್ಗಿ ಬಂದು ಹಳೇ ರೂಮ್‌ಮೇಟ್ ಕೈಯಿಂದ ಚೆಂಡು ಹಾರಿಸಿ, ತಾನೇ ಎತ್ತಿಕೊಂಡು, ಅಷ್ಟು ದೊಡ್ಡ ದೇಹ ಹೊತ್ತು 83 ಯಾರ್ಡ್ ಓಡಿದ. ಕಾಲು ಭಾರ ಆಗ್ತಿರೋದು ಟಿವೀಲೇ ಕಾಣ್ತಿತ್ತು. ನಾನು ಸೋಫಾ ಮೇಲೆ ಹತ್ತಿ ಅವನ ಜೊತೆ ಓಡ್ತಿದ್ದೆ. 28-14.

ಸಾಯರ್ ಇಲ್ಲಿಯವನೇ, ಪಿಕರಿಂಗ್ಟನ್ ಹುಡುಗ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ನವೆಂಬರ್ 30ರಂದು ಮಿಷಿಗನ್ನೋರು ನಮ್ಮ ಅಂಗಳದ ಮಧ್ಯ ಬಾವುಟ ನೆಡೋಕೆ ಬಂದಾಗ ಅದನ್ನ ಕಿತ್ತವನೂ ಇವನೇ. ಆಮೇಲೆ ನೂಕಾಟ, ಹೊಡೆದಾಟ, ಪೊಲೀಸರ ಪೆಪ್ಪರ್ ಸ್ಪ್ರೇ, ಎರಡೂ ಕಾಲೇಜಿಗೆ ತಲಾ ಒಂದು ಲಕ್ಷ ಡಾಲರ್ ದಂಡ. ಆ ಹೊಡೆದಾಟನ ಸಮರ್ಥಿಸ್ತಿಲ್ಲ. ಆದ್ರೆ ಆ ಹುಡುಗನ ಮುಖ ನೋಡಿದೋರಿಗೆ ಗೊತ್ತು, ಅದು ಬರೀ ಸಿಟ್ಟಲ್ಲ.


ಆನ್ ಆರ್ಬರ್ ಸುಮಕ್ಕ
25 ಜನವರಿ

ಬಾವುಟ ನೆಟ್ಟಿದ್ದು ತಪ್ಪು. ನಾನು ಅವತ್ತೇ ನಿಮ್ಮ ಮನೇಲೇ ಹೇಳಿದ್ದೆ ಮಂಜಣ್ಣ. ಗೆದ್ದವರು ಮನೆಗೆ ಹೋಗ್ಬೇಕು.

ಟೆಕ್ಸಸ್ ಪಂದ್ಯದ ಆ ಓಟ ನೋಡಿ ನಾನೂ ಎದ್ದು ನಿಂತೆ. ಯಾರಿಗೂ ಹೇಳ್ಬೇಡಿ.


ಹೊಸಬ
26 ಜನವರಿ

ಒಂದು ಅನುಮಾನ. ಆಫೀಸಲ್ಲಿ ಒಬ್ಬರು ಇದು ದುಡ್ಡು ಕೊಟ್ಟು ಕೊಂಡ ಕಪ್ ಅಂದ್ರು. ಕಾಲೇಜು ಹುಡುಗರಿಗೆ ದುಡ್ಡಾ?


ಪೋರ್ಟ್‌ಲ್ಯಾಂಡ್ ಪುತ್ತೂರು
26 ಜನವರಿ

ಅದೇ ನಾನೂ ಹೇಳುವುದು! ಅವರ ಅಥ್ಲೆಟಿಕ್ ಡೈರೆಕ್ಟರ್ ರಾಸ್ ಬ್ಯೋರ್ಕ್ ಬಾಯಲ್ಲೇ ಬಂದದ್ದು, ಈ ತಂಡದ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಅಂತ. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದು ಅಂತ ಆಯ್ತಲ್ಲ, ಅದರ ಲೆಕ್ಕ. ಹಾವರ್ಡ್ ಕ್ಯಾನ್ಸಸ್ ಸ್ಟೇಟ್‌ನಿಂದ, ಜಡ್ಕಿನ್ಸ್ ಓಲೆ ಮಿಸ್‌ನಿಂದ, ಕೇಲೆಬ್ ಡೌನ್ಸ್ ಮತ್ತೆ ಮೆಕ್‌ಲಾಫ್ಲಿನ್ ಅಲಬಾಮಾದಿಂದ. ಸಂತೆಗೆ ಹೋಗಿ ಆರಿಸಿ ತಂದ ಹಾಗೆ.

(ಆರೆಗಾನ್‌ನಲ್ಲಿ ದುಡ್ಡಿಲ್ವಾ ಅಂತ ಕೇಳ್ಬೇಡಿ. ನೈಕಿ ಹುಟ್ಟಿದ ಊರು, ನನಗೆ ಗೊತ್ತುಂಟು.)


ಅಂಕಿಅಂಶ ಆಚಾರಿ
26 ಜನವರಿ

ದುಡ್ಡು ಸುಳ್ಳಲ್ಲ. ಆದರೆ ಆ ದುಡ್ಡಿನ ದೊಡ್ಡ ಪಾಲು ಹೊರಗಿನವರನ್ನು ತರಲು ಮಾತ್ರ ಹೋಗಲಿಲ್ಲ, ಮನೆಯವರನ್ನು ಉಳಿಸಿಕೊಳ್ಳಲೂ ಹೋಯಿತು. ಸಾಯರ್, ಎಗ್ಬೂಕಾ, ಹೆಂಡರ್ಸನ್, ಟುಯಿಮೊಲೊವಾವ್ ಸಂತೆಯ ಸರಕಲ್ಲ, ಇಲ್ಲೇ ನಾಲ್ಕು ವರ್ಷ ಬೆಳೆದವರು. ನನ್ನ ಮಟ್ಟಿಗೆ ಅದೇ ಈ ತಂಡದ ಗುಟ್ಟು. ಹೊರಗಿಂದ ಬಂದವರಲ್ಲಿ ತೂಕ ಹೆಚ್ಚಿದ್ದು ಹಾವರ್ಡ್‌ದು. ಮಿಷಿಗನ್ ದಿನ ಊರಿಡೀ ಬೈದಿತ್ತು. ಅಟ್ಲಾಂಟಾದಲ್ಲಿ ಮೊದಲ 13 ಎಸೆತವೂ ಗುರಿ ಮುಟ್ಟಿದವು, ಒಟ್ಟು 21ರಲ್ಲಿ 17.


ರಾತ್ರಿಪಾಳಿ
26 ಜನವರಿ

ಫೈನಲ್ ಬಗ್ಗೆ ಯಾರೂ ಬರೀಲೇ ಇಲ್ಲ. ನಮಗೆ ಮಂಗಳವಾರ ಬೆಳಿಗ್ಗೆ 6ಕ್ಕೆ. ನೋಟರ್ ಡೇಮ್ ಮೊದಲ ಸಲ ಚೆಂಡು ಹಿಡ್ಕೊಂಡು 18 ಪ್ಲೇ ಆಡಿದ್ರು, ಹತ್ತಿರ ಹತ್ತಿರ ಹತ್ತು ನಿಮಿಷ. ಅವರ ಕ್ವಾರ್ಟರ್‌ಬ್ಯಾಕ್ ರೈಲಿ ಲೆನರ್ಡ್ ತಾನೇ ಓಡ್ತಾನೆ, ತಾನೇ ಬೀಳ್ತಾನೆ, ಮತ್ತೆ ತಾನೇ ಓಡ್ತಾನೆ. ನಾನು ಕಾಫಿ ಮಾಡಿ, ಕುಡಿದು, ಲೋಟ ತೊಳೆದು ಬಂದ್ರೂ ಅವರದ್ದೇ ಆಟ. 7-0. ಆಮೇಲೆ ಸತತ 31 ನಮ್ಮದು.

31-7 ಇದ್ದಾಗ ಸ್ನಾನಕ್ಕೆ ಹೋದೆ. ಬಂದ್ರೆ 31-23! ಟವೆಲ್ ಸುತ್ಕೊಂಡೇ ನಿಂತೆ. ಮೂರನೇ ಸರದಿ, 11 ಯಾರ್ಡ್ ಬೇಕು. ಸಾಮಾನ್ಯ ಕೋಚ್ ಆಗಿದ್ರೆ ಓಡಿಸಿ ಸಮಯ ಕಳೀತಿದ್ದ. ಇವರು ಸ್ಮಿತ್‌ಗೆ ಎಸೆದ್ರು. 56 ಯಾರ್ಡ್. ಮಿಷಿಗನ್ ದಿನ ಎರಡು ತಪ್ಪಿಸಿದ್ದ ಅದೇ ಫೀಲ್ಡಿಂಗ್ 26 ಸೆಕೆಂಡ್ ಇರುವಾಗ ಒದ್ದು 34 ಮಾಡಿದ.

ಎದುರು ಪಾಳೆಯದ ಕೋಚ್ ಮಾರ್ಕಸ್ ಫ್ರೀಮನ್ ಓಹಾಯೋ ಸ್ಟೇಟ್‌ನಲ್ಲೇ ಆಡಿ ಬೆಳೆದವರು ಅನ್ನೋದು ಆವತ್ತೇ ಗೊತ್ತಾಯ್ತು. ಆ ಮನುಷ್ಯನ ಮುಖ ನೋಡಿ ಸ್ವಲ್ಪ ಬೇಜಾರೂ ಆಯ್ತು.


ಕೊಲಂಬಸ್ ಮಂಜಣ್ಣ
27 ಜನವರಿ

ನಿನ್ನೆ ಸ್ಟೇಡಿಯಂನಲ್ಲಿ ಸಂಭ್ರಮಾಚರಣೆ ಇತ್ತು. ಮಗಳನ್ನ ಕರ್ಕೊಂಡು ಹೋಗಿದ್ದೆ. ಮೊದಲೇ ಹೇಳಿದ್ನಲ್ಲ, ಮನೇಲಿ ಎದ್ದು ಹೋಗೋರಲ್ಲಿ ಅವಳೂ ಒಬ್ಬಳು. ಆದ್ರೂ ಬಂದ್ಲು. ಟ್ರೋಫಿ ಎತ್ತಿದಾಗ ಕೂಗೋಕೆ ಹೋದ್ರೆ ನನ್ನ ಗಂಟಲಿಂದ ದನಿ ಬರ್ಲಿಲ್ಲ. ಅವಳೇ ‘ಓ-ಎಚ್’ ಅಂದ್ಲು, ಸುತ್ತ ಇದ್ದ ಗುರುತಿಲ್ಲದ ಜನ ‘ಐ-ಓ’ ಅಂತ ಓಹಾಯೋ ಹೆಸರಿನ ಅಕ್ಷರ ಪೂರ್ತಿ ಮಾಡಿದ್ರು.

ವಾಪಸ್ ಬರ್ತಾ ಕೇಳಿದ್ಲು, ಅಪ್ಪಾ, ಈಗ ಮಿಷಿಗನ್ ಮ್ಯಾಚ್ ಮರೆತುಹೋಯ್ತಾ ಅಂತ. ಇಲ್ಲ ಪುಟ್ಟಾ ಅಂದೆ. ಹಾಗಾದ್ರೆ ಯಾಕೆ ನಗ್ತಿದೀಯ ಅಂದ್ಲು. ಕಾರ್ ಸ್ಟಾರ್ಟ್ ಮಾಡಿದೆ.


ಹುಬ್ಬಳ್ಳಿ ಹುಲಿ
28 ಜನವರಿ

ಸುದ್ದಿ ನೋಡಿದ್ರೇನ್ರಿ? ರಕ್ಷಣಾ ಕೋಚ್ ಜಿಮ್ ನೋಲ್ಸ್ ಪೆನ್ ಸ್ಟೇಟ್‌ಗೆ ಹೊಂಟ. ಕಪ್ ಗೆದ್ದು ಒಂದ ವಾರ ಆಗೇತಿ ಅಷ್ಟ! ಮದುವಿ ಮಂಟಪ ಬಿಚ್ಚೂದ್ರಾಗ ಅಳಿಯಾ ಓಡಿಹೋದಂಗ ಆತು.


ಕೊಲಂಬಸ್ ಮಂಜಣ್ಣ
3 ಫೆಬ್ರವರಿ

ಈಗ ಚಿಪ್ ಕೆಲ್ಲಿನೂ ಹೊರಟ್ರು, ವೃತ್ತಿಪರ ತಂಡ ಲಾಸ್ ವೇಗಸ್ ರೈಡರ್ಸ್‌ಗೆ. ಸಾಯರ್ ಇಲ್ಲ, ಎಗ್ಬೂಕಾ ಇಲ್ಲ, ಹಾವರ್ಡ್ ಇಲ್ಲ. ಸ್ಮಿತ್, ಟೇಟ್, ಡೌನ್ಸ್ ಇದಾರೆ, ಅಷ್ಟೇ ಸಮಾಧಾನ.


ಆನ್ ಆರ್ಬರ್ ಸುಮಕ್ಕ
3 ಫೆಬ್ರವರಿ

ಚಾಂಪಿಯನ್ ಸಾಹೇಬ್ರೇ, ಅಭಿನಂದನೆ. ಇದನ್ನ ಒಂದೇ ಸಲ ಹೇಳೋದು.

ಮುಂದಿನ ಮಿಷಿಗನ್ ಮ್ಯಾಚ್ ನವೆಂಬರ್ 29, ಶನಿವಾರ, ನಮ್ಮ ಮನೆ. ಅದೇ ಕುಕ್ಕರ್‌ನಲ್ಲಿ ಬಿಸಿಬೇಳೆಬಾತ್ ನಾನು ಮಾಡ್ತೀನಿ, ತುಪ್ಪ ಸರಿಯಾಗಿ ಹಾಕಿ. ಕುಕ್ಕರ್ ವಾಪಸ್ ಬೇಕಂದ್ರೆ ಗೆದ್ದು ತಗೊಂಡು ಹೋಗಿ.


ಕೊಲಂಬಸ್ ಮಂಜಣ್ಣ
3 ಫೆಬ್ರವರಿ

ಅದರ ಗ್ಯಾಸ್ಕೆಟ್ ನಮ್ಮ ಮನೇಲೇ ಉಳಿದಿದೆ ಸುಮಕ್ಕ. ಅದಿಲ್ಲದೆ ಎಷ್ಟು ಹೊತ್ತು ಇಟ್ರೂ ಕೂಗಲ್ಲ.